‘ನೋಲಿ ಮೆ ತಾಂಗೆರೆ’ ಎಂಬ ಚಿತ್ರನಾಮವನ್ನು ‘ನನ್ನನ್ನು ಮುಟ್ಟಬೇಡ’ ಎಂದರೆ ಸರಿಯೆ?

ಪ್ರಶ್ನೆ – ಚಿತ್ರಪಾಠ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲಾ ಶಾಲೆಯೊಂದರಲ್ಲಿ ಯುರೋಪಿನ ಕಲೆಯ ಇತಿಹಾಸವನ್ನು ಕನ್ನಡದಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ವಿದ್ಯಾರ್ಥಿಗಳಿಗಾಗಿ ಮೂವತ್ತು ಚಿತ್ರಗಳ ಕಿರು ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಪ್ರತಿ ಚಿತ್ರದ ಕೆಳಗೆ ಅದರ ಹೆಸರು ಮತ್ತು ನಾಲ್ಕಾರು ಸಾಲುಗಳ ವಿವರಣೆ ಇರಬೇಕು. ಇಪ್ಪತ್ತು ಚಿತ್ರಗಳವರೆಗೆ ಸರಾಗವಾಗಿ ಬಂದ ಕೆಲಸ ಈಗ ಟಿಷಿಯನ್ನನ ಒಂದು ಚಿತ್ರದ ಮುಂದೆ ನಿಂತುಬಿಟ್ಟಿದೆ. ಸುಮಾರು 1514ರಲ್ಲಿ ರಚಿತವಾದ ಆ ತೈಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಹೆಸರು ‘ನೋಲಿ ಮೆ ತಾಂಗೆರೆ’. ಅದು ಲ್ಯಾಟಿನ್ ಮಾತೆಂದೂ, ಪುನರುತ್ಥಾನಗೊಂಡ, ಅಂದರೆ ಸತ್ತು ಮತ್ತೆ ಎದ್ದುಬಂದ, ಯೇಸು ತನ್ನ ಶಿಷ್ಯೆಯಾದ ಮಗ್ದಲದ ಮರಿಯಳಿಗೆ ಹೇಳಿದ ಮಾತೆಂದೂ ತಿಳಿದಿದೆ. ‘ನನ್ನನ್ನು ಮುಟ್ಟಬೇಡ’ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು.

ಆದರೆ ಹಾಗೆ ಬರೆದು ಓದಿಕೊಂಡಾಗ ಮನಸ್ಸು ಒಪ್ಪಲಿಲ್ಲ. ನಮ್ಮ ಭಾಷೆಯಲ್ಲಿ ‘ಮುಟ್ಟಬೇಡ’ ಎಂಬ ಮಾತಿಗೆ ಮಡಿಮೈಲಿಗೆಯ ನೆರಳು ಕೂಡಲೇ ಅಂಟಿಕೊಳ್ಳುತ್ತದೆ. ತರಗತಿಯಲ್ಲಿ ಕರಡು ಓದಿದಾಗ ಒಬ್ಬ ವಿದ್ಯಾರ್ಥಿನಿ, ‘ಅವಳು ಹೆಣ್ಣೆಂದು ಮುಟ್ಟಿಸಿಕೊಳ್ಳಲಿಲ್ಲವೆ?’ ಎಂದು ನೇರವಾಗಿಯೇ ಕೇಳಿದಳು. ಚಿತ್ರ ಮಾತ್ರ ಆ ಪ್ರಶ್ನೆಗೆ ಸ್ವಲ್ಪವೂ ಒಗ್ಗುವುದಿಲ್ಲ. ಮರಿಯಳು ನೆಲಕ್ಕೆ ಒರಗುವಂತೆ ಮಂಡಿಯೂರಿ ಬಲಗೈಯನ್ನು ಮುಂದೆ ಚಾಚಿದ್ದಾಳೆ. ಯೇಸು ಮೈಮೇಲಿನ ಬಿಳಿಯ ಬಟ್ಟೆಯನ್ನು ಅವಳ ಕೈಗೆ ಸಿಗದಂತೆ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಾನಾದರೂ, ಅವನ ತಲೆ ಮತ್ತು ಭುಜಗಳು ಅವಳ ಕಡೆಗೇ ಬಾಗಿವೆ. ಇಷ್ಟು ಅಕ್ಕರೆಯಿಂದ ಬಾಗಿದ ವ್ಯಕ್ತಿ ‘ಮುಟ್ಟಬೇಡ’ ಎಂದನೆಂದರೆ ಆ ಮಾತಿನ ಅರ್ಥ ಬೇರೆಯೇ ಇರಬೇಕು ಎನಿಸುತ್ತದೆ. ಲ್ಯಾಟಿನ್ ಬಲ್ಲವರು ಈ ಮೂರು ಪದಗಳನ್ನು ಬಿಡಿಸಿ ಹೇಳುವಿರಾ? ಚಿತ್ರಕಾರ ಇಟಲಿಯವನಾಗಿದ್ದೂ ಹೆಸರು ಲ್ಯಾಟಿನ್ನಿನಲ್ಲಿ ಏಕಿದೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ – ಪದಮೂಲ

ನಿಮ್ಮ ಅನುಮಾನ ನ್ಯಾಯವಾದದ್ದು. ಮೊದಲು ಪದಗಳನ್ನು ನೋಡೋಣ. ‘ತಾಂಗೆರೆ’ ಎಂದರೆ ಮುಟ್ಟುವುದು, ‘ಮೆ’ ಎಂದರೆ ನನ್ನನ್ನು. ‘ನೋಲಿ’ ಎಂಬುದು ‘ಬಯಸದಿರು’ ಎಂಬ ಅರ್ಥದ ಕ್ರಿಯಾಪದದ ವಿಧಿರೂಪ. ಹೀಗಾಗಿ ಅಕ್ಷರಶಃ ನೋಡಿದರೆ ‘ನನ್ನನ್ನು ಮುಟ್ಟಲು ಬಯಸದಿರು’ ಎಂದಾಗುತ್ತದೆ. ನೇರವಾಗಿ ನಿಷೇಧಿಸುವ ಬದಲು ಬಯಕೆಯನ್ನೇ ಬಿಡು ಎನ್ನುವ ಈ ಬಳಸುಮಾತು ಕಾಲಕ್ರಮದಲ್ಲಿ ಲ್ಯಾಟಿನ್ನಿನ ಸಾಮಾನ್ಯ ನಿಷೇಧರೂಪವೇ ಆಯಿತು. ಸಂತೋಷದ ಸಂಗತಿಯೆಂದರೆ ಕನ್ನಡದ ನಿಷೇಧವೂ ಬಹುಮಟ್ಟಿಗೆ ಹೀಗೆಯೇ ಕಟ್ಟಲ್ಪಟ್ಟಿದೆ. ‘ನನಗೆ ಕಾಫಿ ಬೇಡ’ ಎಂದಾಗ ಬಯಕೆಯಿಲ್ಲವೆನ್ನುವ ‘ಬೇಡ’ವೇ ‘ಮುಟ್ಟಬೇಡ’ ಎಂಬಲ್ಲಿಯೂ ಬಂದು ಕೂಡಿದೆ. ‘ನೋಲಿ’ಗೆ ಕನ್ನಡದ ‘ಬೇಡ’ಕ್ಕಿಂತ ಹತ್ತಿರದ ಪದವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ವ್ಯಾಕರಣದ ಮಟ್ಟಿಗೆ ನಿಮ್ಮ ಅನುವಾದದಲ್ಲಿ ದೋಷವಿಲ್ಲ.

ತೊಡಕು ಇರುವುದು ‘ತಾಂಗೆರೆ’ಯಲ್ಲಿ. ಈ ಮಾತು ಬರುವುದು ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ಭಾಗಗಳಲ್ಲಿ ಒಂದಾದ ಯೋವಾನ್ನನ ಶುಭಸಂದೇಶದ 20ನೆಯ ಅಧ್ಯಾಯದ 17ನೆಯ ವಚನದಲ್ಲಿ, ಆ ಶುಭಸಂದೇಶದ ಮೂಲ ಭಾಷೆ ಗ್ರೀಕ್. ಅಲ್ಲಿರುವುದು ‘ಮೇ ಮೂ ಹಾಪ್ತೂ’ ಎಂಬ ಮಾತು. ಅದರಲ್ಲಿನ ಕ್ರಿಯಾಪದಕ್ಕೆ ಮುಟ್ಟುವುದೆಂಬ ಅರ್ಥದ ಜೊತೆಗೆ ಹಿಡಿದುಕೊಳ್ಳುವುದು, ಅಂಟಿಕೊಂಡಿರುವುದು ಎಂಬ ಅರ್ಥಗಳೂ ಇವೆ. ಅಷ್ಟೇ ಅಲ್ಲದೆ ಅದು ವರ್ತಮಾನದ ವಿಧಿರೂಪದಲ್ಲಿದೆ. ಗ್ರೀಕಿನಲ್ಲಿ ಅಂಥ ರೂಪಕ್ಕೆ ನಿಷೇಧ ಸೇರಿದಾಗ, ಆಗಲೇ ನಡೆಯುತ್ತಿರುವುದನ್ನು ನಿಲ್ಲಿಸು ಎಂಬ ಧ್ವನಿ ಅನೇಕ ವೇಳೆ ಇರುತ್ತದೆ. ಅಂದರೆ ‘ಸೋಕಬೇಡ’ ಎನ್ನುವುದಕ್ಕಿಂತ ‘ನನ್ನನ್ನು ಹೀಗೆ ಹಿಡಿದುಕೊಂಡಿರಬೇಡ’ ಎಂಬುದು ಗ್ರೀಕಿಗೆ ಹೆಚ್ಚು ಸಮೀಪ. ಮುಂದಿನ ಮಾತೂ ಇದನ್ನೇ ಸಮರ್ಥಿಸುತ್ತದೆ: ನಾನಿನ್ನೂ ತಂದೆಯ ಬಳಿಗೆ ಏರಿಹೋಗಿಲ್ಲ, ನೀನು ಹೋಗಿ ನನ್ನ ಸಹೋದರರಿಗೆ ತಿಳಿಸು ಎಂದು ಯೇಸು ಹೇಳುತ್ತಾನೆ. ಹೋಗಬೇಕಾದವನು ಹೇಳಿದ ಮಾತು ಇದು. ಹೋಗಲು ಅವಳಿಗೂ ಒಂದು ದಾರಿಯನ್ನು ತೋರಿಸಿ ಹೇಳಿದ್ದು.

ಸಂತ ಜೆರೋಮ್ 4ನೆಯ ಶತಮಾನದ ಕೊನೆಯಲ್ಲಿ ಶುಭಸಂದೇಶಗಳ ಲ್ಯಾಟಿನ್ ಪಾಠವನ್ನು ಪರಿಷ್ಕರಿಸಿದ. ‘ವಲ್ಗೇಟ್’ ಎಂದು ಹೆಸರಾದ ಆ ಬೈಬಲಿನಲ್ಲಿ ಇಲ್ಲಿರುವ ಕ್ರಿಯಾಪದ ‘ತಾಂಗೆರೆ’. ಪಶ್ಚಿಮ ಯುರೋಪಿನ ಚರ್ಚುಗಳಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಕೇಳಿಬಂದದ್ದು ಈ ಲ್ಯಾಟಿನ್ ಪಾಠವೇ. ಟಿಷಿಯನ್ ಮನೆಯಲ್ಲಿ ವೆನಿಸ್ಸಿನ ಮಾತನ್ನು ಆಡಿದರೂ, ಈಸ್ಟರ್ ವಾರದ ಗುರುವಾರ ಬಲಿಪೂಜೆಯಲ್ಲಿ ಓದಲಾಗುತ್ತಿದ್ದ ಈ ಪ್ರಸಂಗವನ್ನು ಕೇಳುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಕಥೆಯ ತಿರುವಿನಲ್ಲಿ ಬರುವ ಆ ಮೂರು ಪದಗಳು ದೃಶ್ಯಕ್ಕೇ ಹೆಸರಾಗಿ ನಿಂತವು. ನಮ್ಮ ಗುಡಿಗಳ ಗೋಡೆಯಲ್ಲಿ ಆನೆ, ಮೊಸಳೆ ಮತ್ತು ಗರುಡಾರೂಢ ವಿಷ್ಣುವನ್ನು ಕಂಡಕೂಡಲೇ ಯಾವ ಶಿಲ್ಪಿ ಕೆತ್ತಿದ್ದಾನೆಂದು ವಿಚಾರಿಸದೆ ‘ಗಜೇಂದ್ರಮೋಕ್ಷ’ ಎನ್ನುತ್ತೇವಲ್ಲ, ಹಾಗೆಯೇ ಇದು. ‘ನೋಲಿ ಮೆ ತಾಂಗೆರೆ’ ಒಂದು ಚಿತ್ರದ ಹೆಸರಲ್ಲ, ಒಂದು ದೃಶ್ಯಪ್ರಕಾರದ ಹೆಸರು; ಇದೇ ಹೆಸರಿನ ಚಿತ್ರಗಳು ಹತ್ತಾರು ಕಲಾವಿದರಿಂದ ಬಂದಿವೆ.

ಕ್ಯಾಥೊಲಿಕ್ ಧರ್ಮಸಭೆ 1979ರಲ್ಲಿ ಪ್ರಕಟಿಸಿದ ಹೊಸ ಲ್ಯಾಟಿನ್ ಬೈಬಲಿನಲ್ಲಿ ಈ ವಚನವನ್ನೇ ತಿದ್ದಲಾಗಿದೆ. ಅಲ್ಲಿ ಈಗಿರುವುದು ‘ಯಾಮ್ ನೋಲಿ ಮೆ ತೆನೆರೆ’ ಎಂದು. ‘ತೆನೆರೆ’ ಎಂದರೆ ಹಿಡಿದುಕೊಳ್ಳುವುದು. ‘ಯಾಮ್’ ಎಂದರೆ ಇಲ್ಲಿ ‘ಇನ್ನು’. ‘ಇನ್ನು ನನ್ನನ್ನು ಹಿಡಿದುಕೊಂಡಿರಬೇಡ’ ಎಂದಾಯಿತು. ಚಿತ್ರಗಳಿಗೆ ಮಾತ್ರ ಹಳೆಯ ಹೆಸರೇ ಉಳಿದಿದೆ, ಉಳಿಯಬೇಕಾದದ್ದೂ ಅದೇ. ಏಕೆಂದರೆ ಆ ಕಲಾವಿದರ ಕಿವಿಯಲ್ಲಿದ್ದದ್ದು ‘ತಾಂಗೆರೆ’.

ಉಚ್ಚಾರಣೆಯ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಪ್ರಾಚೀನ ರೋಮನ್ನರ ಉಚ್ಚಾರಣೆಯಂತೆ ‘ತಾಂಗೆರೆ’. ಇಟಲಿಯ ಚರ್ಚುಗಳ ರೂಢಿಯಂತೆ ‘ತಾಂಜೆರೆ’. ಎರಡರಲ್ಲಿ ಯಾವುದನ್ನು ಬರೆದರೂ ತಪ್ಪಲ್ಲ. ಕೈಪಿಡಿಯ ಉದ್ದಕ್ಕೂ ಒಂದನ್ನೇ ಬಳಸಿ.

ಉತ್ತರ – ಕರಾವಳಿಯ ಓದುಗ

ನಾನು ಲ್ಯಾಟಿನ್ ಓದಿದವನಲ್ಲ, ಆದರೆ ಈಸ್ಟರ್ ದಿನಗಳಲ್ಲಿ ಈ ಪ್ರಸಂಗವನ್ನು ಚಿಕ್ಕಂದಿನಿಂದ ಕೇಳುತ್ತ ಬಂದವನು. ಅಂಟೋನಿಯೊ ಮೊಸ್ಕೆನಿ ಎಂಬ ಇಟಲಿಯ ಯೇಸುಸಭೆಯ (ಜೆಸ್ಯುಟ್) ಸಹೋದರ 1899ರಿಂದ 1901ರ ನಡುವೆ ಚಿತ್ರಿಸಿದ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಕತ್ತೆತ್ತಿ ನಿಂತು ಗೋಡೆಗಳನ್ನು ಓದುವುದೇ ನಮಗೆ ಚಿತ್ರಕಲೆಯ ಮೊದಲ ಪಾಠವಾಗಿತ್ತು. ಹಾಗಾಗಿ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರಿಸುವ ಆಸೆಯಾಯಿತು, ಮೇಡಂ. ಅದು ಗಂಭೀರವಾದ ಪ್ರಶ್ನೆ, ತಳ್ಳಿಹಾಕಬಾರದು.

ಅವಳು ಹೆಣ್ಣೆಂಬ ಕಾರಣಕ್ಕೆ ಯೇಸು ಹಾಗೆಂದನೆ? ಅಲ್ಲ ಎನ್ನಲು ಶುಭಸಂದೇಶಗಳಲ್ಲಿಯೇ ಆಧಾರವಿದೆ. ಮತ್ತಾಯನ 28ನೆಯ ಅಧ್ಯಾಯದಲ್ಲಿ ಸಮಾಧಿಯಿಂದ ಹಿಂತಿರುಗುತ್ತಿದ್ದ ಸ್ತ್ರೀಯರಿಗೆ, ಮಗ್ದಲದ ಮರಿಯಳೂ ಸೇರಿದಂತೆ, ಯೇಸು ಎದುರಾದಾಗ ಅವರು ಅವನ ಪಾದಗಳನ್ನು ಹಿಡಿದು ಆರಾಧಿಸುತ್ತಾರೆ. ಅಲ್ಲಿ ಯಾವ ತಡೆಯೂ ಇಲ್ಲ. ಯೋವಾನ್ನನ ಅದೇ 20ನೆಯ ಅಧ್ಯಾಯದಲ್ಲಿ ಅವನು ಮತ್ತೆ ಎದ್ದದ್ದನ್ನು ಸಂದೇಹಪಟ್ಟ ಶಿಷ್ಯ ತೋಮನಿಗೆ ಗಾಯದಲ್ಲಿ ಕೈಯಿಟ್ಟು ನೋಡೆಂದು ಯೇಸುವೇ ಕರೆಯುತ್ತಾನೆ. ಒಬ್ಬಳಿಗೆ ‘ಹಿಡಿಯಬೇಡ’, ಒಬ್ಬನಿಗೆ ‘ಮುಟ್ಟಿ ನೋಡು’. ಇದನ್ನು ಹೆಣ್ಣು–ಗಂಡು ಭೇದವೆಂದು ಓದುವುದಕ್ಕಿಂತ ಅವರವರ ಸ್ಥಿತಿಗೆ ತಕ್ಕ ಮಾತೆಂದು ಓದುವುದು ಸರಿಯೆಂದು ನನ್ನ ಭಾವನೆ. ತೋಮನಿಗೆ ನಂಬಿಕೆ ಬರಬೇಕಿತ್ತು, ಅದಕ್ಕೆ ಕೈ ಬೇಕಾಯಿತು. ಮರಿಯಳಿಗೆ ನಂಬಿಕೆ ಆಗಲೇ ಬಂದಿತ್ತು; ‘ಮರಿಯಾ’ ಎಂದು ಹೆಸರು ಹಿಡಿದು ಕರೆದದ್ದೇ ಅವಳಿಗೆ ಸಾಕಾಗಿತ್ತು. ಅವಳಿಗೆ ಕಷ್ಟವಾಗಿದ್ದದ್ದು ಬಿಟ್ಟುಕೊಡುವುದು.

ಆ ಪ್ರಸಂಗವನ್ನು ಒಮ್ಮೆ ಪೂರ್ತಿಯಾಗಿ ನೆನಪಿಸಿಕೊಳ್ಳಿ. ಸಮಾಧಿ ಬರಿದಾಗಿದೆ, ದೇಹವನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆಂದು ಅವಳು ಅಳುತ್ತಿದ್ದಾಳೆ. ಹಿಂದೆ ನಿಂತವನನ್ನು ತೋಟದವನೆಂದು ತಿಳಿದು, ನೀನೇನಾದರೂ ಕೊಂಡೊಯ್ದಿದ್ದರೆ ಎಲ್ಲಿಟ್ಟಿದ್ದೀಯೆಂದು ಹೇಳು, ನಾನು ತೆಗೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ಒಬ್ಬಳೇ ಹೆಂಗಸು ಒಂದು ಶವವನ್ನು ಹೊತ್ತು ಹೋಗುವ ಮಾತನ್ನಾಡುತ್ತಿದ್ದಾಳೆ. ದುಃಖದ ಆಳ ಎಷ್ಟಿತ್ತೆಂದು ಅದೊಂದು ಮಾತೇ ತಿಳಿಸುತ್ತದೆ. ಅಂಥವಳಿಗೆ ಕಳೆದುಹೋದವನು ಜೀವಂತವಾಗಿ ಕಂಡಾಗ ಕೈ ಮುಂದಾಗದೆ ಇರುತ್ತದೆಯೆ? ನಮ್ಮ ಮನೆಗಳಲ್ಲಿ ದೂರದೂರಿಗೆ ಹೊರಟ ಮಗನ ಕೈಯನ್ನು ಬಸ್ಸಿನ ಕಿಟಕಿಯಲ್ಲಿ ಹಿಡಿದುಕೊಂಡ ತಾಯಿಗೆ, ಬಸ್ಸು ಹೊರಡುವ ಹೊತ್ತಿಗೆ, ‘ಇನ್ನು ಬಿಡಮ್ಮ’ ಎಂದು ಮಗ ಹೇಳುತ್ತಾನಲ್ಲ, ಆ ದನಿಯಲ್ಲಿ ಈ ಮಾತನ್ನು ಓದಬೇಕೆಂದು ನನಗೆ ತೋರುತ್ತದೆ.

ಇನ್ನೊಂದು ಮಾತು. ಚಿತ್ರಗಳಲ್ಲಿ ಅವಳ ಬಿಚ್ಚುಗೂದಲು ಮತ್ತು ಸುಗಂಧತೈಲದ ಭರಣಿಯನ್ನು ಕಂಡು, ಇವಳೇ ಪಾಪಿಯಾದ ಹೆಂಗಸು ಎಂದು ವಿವರಿಸುವವರಿದ್ದಾರೆ. ಹಾಗೆ ಬರೆಯಬೇಡಿರೆಂದು ಕೋರುತ್ತೇನೆ. ಮಗ್ದಲದ ಮರಿಯಳನ್ನು, ಬೆಥಾನಿಯದ ಮರಿಯಳನ್ನು ಮತ್ತು ಲೂಕನ ಶುಭಸಂದೇಶದಲ್ಲಿ ಹೆಸರಿಲ್ಲದೆ ಬರುವ ಪಾಪಿ ಸ್ತ್ರೀಯನ್ನು ಒಬ್ಬಳೇ ಎಂದು ಬೋಧಿಸಿದವರು 6ನೆಯ ಶತಮಾನದ ಕೊನೆಯಲ್ಲಿದ್ದ ಪೋಪ್ ಮಹಾ ಗ್ರೆಗರಿ. ಪಶ್ಚಿಮದ ಕಲೆ ಅದನ್ನೇ ಅನುಸರಿಸಿತು. 1969ರಲ್ಲಿ ಧರ್ಮಸಭೆಯ ಪಂಚಾಂಗವನ್ನು ಪರಿಷ್ಕರಿಸಿದಾಗ ಆ ಮೂವರನ್ನು ಬೇರ್ಪಡಿಸಲಾಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ, ಅಂದರೆ ಯೇಸು ಆರಿಸಿ ಕಳುಹಿಸಿದ ಶಿಷ್ಯರ, ದಿನಗಳಿಗೆ ಸಮನಾದ ಹಬ್ಬವಾಗಿ ಏರಿಸಿದರು. ಪುನರುತ್ಥಾನದ ವಾರ್ತೆಯನ್ನು ಪ್ರೇಷಿತರಿಗೇ ತಲುಪಿಸಿದವಳೆಂದು ‘ಪ್ರೇಷಿತರ ಪ್ರೇಷಿತೆ’ ಎಂಬ ಬಿರುದು ಅವಳಿಗೆ ಹಿಂದಿನಿಂದಲೂ ಇದೆ. ಆ ಕೆಲಸಕ್ಕೆ ಅವಳನ್ನು ಕಳುಹಿಸಿದ್ದೇ ಈ ‘ನೋಲಿ ಮೆ ತಾಂಗೆರೆ’ ಎಂಬ ವಚನದ ಉತ್ತರಾರ್ಧ. ಪೂರ್ವಾರ್ಧವನ್ನಷ್ಟೇ ಶೀರ್ಷಿಕೆಯಾಗಿ ಕೊಟ್ಟಾಗ ಅವಳು ತಿರಸ್ಕೃತಳಂತೆ ಕಾಣುತ್ತಾಳೆ. ಆ ಅನ್ಯಾಯ ನಿಮ್ಮ ಕೈಪಿಡಿಯಲ್ಲಿ ಆಗದಿರಲಿ.

ಉತ್ತರ – ಹಸಿಗಾರೆ

ಹಿಂದಿನ ಇಬ್ಬರೂ ಪಠ್ಯದ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಚಿತ್ರ ಬರೆಯುವವನಾದ್ದರಿಂದ ಕೈಗಳ ಬಗ್ಗೆ ಹೇಳುತ್ತೇನೆ.

ಈ ದೃಶ್ಯವನ್ನು ಎತ್ತಿಕೊಂಡ ಪ್ರತಿಯೊಬ್ಬ ಕಲಾವಿದನಿಗೂ ಒಂದೇ ಸಮಸ್ಯೆ. ‘ಮುಟ್ಟಬೇಡ’ ಎಂಬ ಮಾತನ್ನು ಚಿತ್ರಿಸಲಾಗುವುದಿಲ್ಲ. ಚಿತ್ರಿಸಬಹುದಾದದ್ದು ಎರಡು ಕೈಗಳ ನಡುವಿನ ಬರಿ ಜಾಗವನ್ನು ಮಾತ್ರ. ಆ ಜಾಗ ಎಷ್ಟಿರಬೇಕು, ಅದರ ಹಿಂದೆ ಏನಿರಬೇಕು ಎಂಬುದರಲ್ಲಿಯೇ ಆಯಾ ಕಲಾವಿದ ಈ ಲ್ಯಾಟಿನ್ ಮಾತನ್ನು ಹೇಗೆ ಅರ್ಥಮಾಡಿಕೊಂಡನೆಂಬುದು ತಿಳಿಯುತ್ತದೆ.

ಪಾದುವಾದ ಸ್ಕ್ರೊವೇನ್ಯಿ ಪ್ರಾರ್ಥನಾಲಯದಲ್ಲಿ ಜೊತ್ತೊ ಸುಮಾರು 1305ರಲ್ಲಿ ಮುಗಿಸಿದ ಭಿತ್ತಿಚಿತ್ರದಲ್ಲಿ ಯೇಸು ಚೌಕಟ್ಟಿನ ಬಲ ಅಂಚಿನವರೆಗೆ ಸರಿದಿದ್ದಾನೆ, ಇನ್ನೊಂದು ಹೆಜ್ಜೆಯಿಟ್ಟರೆ ಚಿತ್ರದಿಂದಲೇ ಹೊರಟುಹೋಗುವಂತೆ. ಅವನ ಕೈಯಲ್ಲಿನ ಪತಾಕೆಯ ಮೇಲೆ ‘ವಿಕ್ಟರ್ ಮಾರ್ಟಿಸ್’, ಅಂದರೆ ಮರಣವನ್ನು ಗೆದ್ದವನು, ಎಂದಿದೆ. ಎಡಕ್ಕೆ ಸಮಾಧಿಯ ಬಳಿ ಕಾವಲುಗಾರರು ನಿದ್ದೆಹೋಗಿದ್ದಾರೆ. ಆ ಕಡೆಯ ಬೆಟ್ಟದ ಮೇಲಿನ ಮರಗಳು ಒಣಗಿವೆ, ಯೇಸುವಿನ ಕಡೆಯವು ಹಸಿರಾಗಿವೆ. ಕೆಂಪು ಮೇಲುಹೊದಿಕೆಯ ಮರಿಯಳ ಎರಡೂ ಕೈಗಳು ಆ ನಡುವಿನ ಖಾಲಿಯಲ್ಲಿ ಚಾಚಿಕೊಂಡಿವೆ. ಇಲ್ಲಿ ಮಾತಿನ ಅರ್ಥ ‘ತಡೆಯಬೇಡ, ಹೊರಟಿದ್ದೇನೆ’ ಎಂದೇ.

ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ 1440ರ ಆಸುಪಾಸಿನಲ್ಲಿ ಫ್ರಾ ಆಂಜೆಲಿಕೊ ಬರೆದದ್ದನ್ನು ನೋಡಿದರೆ ಧ್ವನಿಯೇ ಬೇರೆ. ಅದು ದೊಡ್ಡ ದೇವಾಲಯದ ಗೋಡೆಯಲ್ಲ, ಡೊಮಿನಿಕನ್ ಸಂನ್ಯಾಸಿಯೊಬ್ಬ ಒಂಟಿಯಾಗಿ ಕುಳಿತು ಧ್ಯಾನಿಸುವ ಪುಟ್ಟ ಕೋಣೆಯ ಗೋಡೆ. ಯೇಸುವಿನ ಹೆಗಲ ಮೇಲೆ ಗುದ್ದಲಿ ಇದೆ, ಪಾದಗಳು ಒಂದನ್ನೊಂದು ದಾಟಿ ಹಗುರವಾಗಿ ಹುಲ್ಲಿನ ಮೇಲೆ ನಿಂತಿವೆ. ಹುಲ್ಲಿನ ನಡುವೆ ಕೆಂಪು ಹೂಗಳು ಚುಕ್ಕಿಗಳಾಗಿವೆ. ಅವನ ಕೈಕಾಲುಗಳ ಗಾಯಕ್ಕೂ ಕಲಾವಿದ ಅದೇ ಬಗೆಯ ಕೆಂಪು ಚುಕ್ಕಿಯನ್ನಿಟ್ಟಿದ್ದಾನೆಂಬುದನ್ನು ಕಲಾಚರಿತ್ರೆಕಾರರು ಗುರುತಿಸಿದ್ದಾರೆ. ನಡೆದಲ್ಲೆಲ್ಲ ಗಾಯ ಹೂವಾಗುತ್ತ ಹೋದಂತೆ ಕಾಣುತ್ತದೆ. ಈ ಗುದ್ದಲಿ ಕೇವಲ ವೇಷದ ಸಾಮಗ್ರಿಯಲ್ಲ. ಮೇಲೆ ಪ್ರಸ್ತಾಪವಾದ ಮಹಾ ಗ್ರೆಗರಿಯೇ, ಅವಳು ಅವನನ್ನು ತೋಟಗಾರನೆಂದು ತಿಳಿದದ್ದು ತಪ್ಪಾಗಿದ್ದೂ ತಪ್ಪಲ್ಲ, ಅವಳ ಹೃದಯದಲ್ಲಿ ಸದ್ಗುಣಗಳ ಬೀಜ ಬಿತ್ತಿದವನು ಅವನೇ ತಾನೆ ಎಂಬರ್ಥದ ಮಾತನ್ನು ತಮ್ಮ ಪ್ರವಚನದಲ್ಲಿ ಹೇಳಿದ್ದರು. ಮುಂದೆ ಡ್ಯೂರರ್ ತನ್ನ ಮರದಚ್ಚಿನ ಚಿತ್ರದಲ್ಲಿ, ಲವೀನಿಯಾ ಫೊಂತಾನಾ 1581ರ ತನ್ನ ಚಿತ್ರದಲ್ಲಿ ಯೇಸುವಿಗೆ ಅಗಲ ಅಂಚಿನ ಟೋಪಿಯನ್ನೂ ಸಲಿಕೆಯನ್ನೂ ಕೊಟ್ಟು ಅವನನ್ನು ಪೂರ್ತಿ ತೋಟದವನನ್ನಾಗಿಯೇ ಮಾಡಿದರು.

ಎಲ್ಲರೂ ಅಕ್ಕರೆಯಿಂದಲೇ ಓದಿದರೆಂದು ಹೇಳಲಾಗದು. ಹೊಲ್ಬೈನ್ ಬರೆದು ಈಗ ಇಂಗ್ಲೆಂಡಿನ ರಾಜಸಂಗ್ರಹದಲ್ಲಿರುವ ಚಿತ್ರದಲ್ಲಿ ಯೇಸು ಎರಡೂ ಕೈಗಳನ್ನೆತ್ತಿ ನಿಜಕ್ಕೂ ಹಿಂದೆ ಸರಿಯುತ್ತಾನೆ. ಅಲ್ಲಿ ‘ಮುಟ್ಟಬೇಡ’ ಎಂದರೆ ಮುಟ್ಟಬೇಡವೆಂದೇ ಅರ್ಥ. ಇದಕ್ಕೆ ತದ್ವಿರುದ್ಧವಾಗಿ ಮೈಕೆಲೇಂಜೆಲೊ 1531ರಲ್ಲಿ ರೇಖಿಸಿಕೊಟ್ಟು ಪೊಂತೊರ್ಮೊ ಬಣ್ಣ ತುಂಬಿದ ರೂಪದಲ್ಲಿ ಯೇಸುವಿನ ಬೆರಳು ಮರಿಯಳ ಎದೆಯನ್ನು ಸೋಕುತ್ತದೆ. ಮುಟ್ಟಬೇಡವೆಂದವನೇ ಮುಟ್ಟುತ್ತಿದ್ದಾನೆ. ಕೊರೆಜ್ಜೊನ ಚಿತ್ರದಲ್ಲಿ, ಅದು ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿದೆ, ಅವನ ಎಡಗೈ ಆಕಾಶವನ್ನು ತೋರುತ್ತದೆ. ‘ಇನ್ನೂ ಏರಿಹೋಗಿಲ್ಲ’ ಎಂಬ ಮುಂದಿನ ಮಾತನ್ನು ಕೂಡ ಅವನು ಚಿತ್ರದೊಳಗೆ ತಂದಿದ್ದಾನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತೋಟಗಾರನ ವೇಷದ ಯೇಸು ಮತ್ತು ಮರಿಯಳು ಕಂಡಕೂಡಲೇ ಈ ಹೆಸರನ್ನು ಅಂಟಿಸಬಾರದು. ರೆಂಬ್ರಾಂಟ್ 1638ರಲ್ಲಿ ಬರೆದ ಚಿತ್ರದಲ್ಲಿ ಟೋಪಿ, ಸಲಿಕೆ, ಸೊಂಟದಲ್ಲಿ ತೋಟದ ಕತ್ತಿ ಎಲ್ಲವೂ ಇವೆ. ಆದರೆ ಮರಿಯಳು ಸಮಾಧಿಯ ಕಡೆಯಿಂದ ಈಗಷ್ಟೇ ಮುಖ ತಿರುಗಿಸಿದ್ದಾಳೆ. ಕೈ ಚಾಚುವ ಗಳಿಗೆ ಇನ್ನೂ ಬಂದಿಲ್ಲ, ಆ ಮಾತೂ ಹುಟ್ಟಿಲ್ಲ.

ಈಗ ನಿಮ್ಮ ಟಿಷಿಯನ್. ಕ್ಷಕಿರಣ ಪರೀಕ್ಷೆಯಿಂದ ಒಂದು ಸಂಗತಿ ಹೊರಬಂದಿದೆ: ಮೊದಲು ಅವನು ಯೇಸುವನ್ನು ತೋಟಗಾರನ ಟೋಪಿಯೊಂದಿಗೆ, ಅವಳಿಂದ ದೂರಕ್ಕೆ ತಿರುಗುತ್ತಿರುವಂತೆ ಚಿತ್ರಿಸಿದ್ದ. ಆಮೇಲೆ ಅದನ್ನು ಅಳಿಸಿ ಅವಳ ಮೇಲೆ ಬಾಗುವಂತೆ ಮಾಡಿದ. ಇಪ್ಪತ್ತರ ಹರೆಯದ ಕಲಾವಿದ ಕೆಲಸದ ನಡುವೆಯೇ ಆ ಮೂರು ಪದಗಳ ಅರ್ಥವನ್ನು ಬದಲಿಸಿಕೊಂಡ. ನೀವು ಕಂಡ ಅಕ್ಕರೆ ನಿಮ್ಮ ಊಹೆಯಲ್ಲ, ಅವನು ತಿದ್ದಿ ಬರೆದದ್ದು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದುದರಿಂದ ಗ್ಯಾಲರಿಯ ಚಿತ್ರಗಳನ್ನೆಲ್ಲ ವೇಲ್ಸಿನ ಮ್ಯಾನೊಡ್ ಎಂಬಲ್ಲಿನ ಕಲ್ಲುಗಣಿಯಲ್ಲಿ ಬಚ್ಚಿಟ್ಟಿದ್ದರು. 1942ರಲ್ಲಿ, ತಿಂಗಳಿಗೊಂದೇ ಚಿತ್ರವನ್ನಾದರೂ ತಂದು ಜನರಿಗೆ ತೋರಿಸೋಣವೆಂದು ತೀರ್ಮಾನಿಸಿದಾಗ ಮೊದಲು ಬಂದದ್ದು ಇದೇ ಚಿತ್ರ. ಮನೆಯವರನ್ನು ಕಳೆದುಕೊಂಡವರು ತುಂಬಿದ್ದ ಊರಿನಲ್ಲಿ ಬೋಳುಗೋಡೆಯ ಮೇಲೆ ಅದೊಂದನ್ನೇ ತೂಗುಹಾಕಿದಾಗ ಮರಿಯಳ ಚಾಚಿದ ಕೈಯನ್ನು ಅವರು ಹೇಗೆ ನೋಡಿರಬಹುದೆಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಕಿರು ಉತ್ತರ – ಮಲೆನಾಡಿನ ಗಿಡಗಳು

ವಿಷಯಕ್ಕೆ ಹೊಂದುವ ಒಂದು ಸಣ್ಣ ಸೇರ್ಪಡೆ. ಈ ಮಾತು ಚಿತ್ರಗಳಿಂದಾಚೆಗೂ ಹರಡಿದೆ. ನಮ್ಮ ಕರ್ಣಕುಂಡಲ ಹೂವಿನ ಕುಲಕ್ಕೇ ಸೇರಿದ ಯುರೋಪಿನ ಗಿಡವೊಂದಕ್ಕೆ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ‘ಇಂಪೇಷನ್ಸ್ ನೋಲಿ-ತಾಂಗೆರೆ’. ಬಲಿತ ಕಾಯಿಗೆ ಬೆರಳು ಸೋಕಿದರೆ ಸಿಡಿದು ಬೀಜ ಚಿಮ್ಮುತ್ತದೆ. ನಮ್ಮಲ್ಲಿ ‘ಮುಟ್ಟಿದರೆ ಮುನಿ’ ಎನ್ನುವುದು ಬೇರೆ ಗಿಡ, ಅದು ನಾಚಿಕೆಮುಳ್ಳು. ಎರಡನ್ನೂ ಒಂದೇ ಎಂದು ಬರೆಯುವವರಿದ್ದಾರೆ, ದಯವಿಟ್ಟು ಗಮನಿಸಿ. ಗಿಡದ ಹೆಸರಿನಲ್ಲಿ ‘ತಾಂಗೆರೆ’ಗೆ ‘ಮುಟ್ಟು’ ಎಂಬುದೇ ತಕ್ಕ ಕನ್ನಡ.

ಮರುನುಡಿ – ಚಿತ್ರಪಾಠ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಲ್ಯಾಟಿನ್ ಹೆಸರನ್ನು ಹಾಗೆಯೇ ಉಳಿಸಿಕೊಳ್ಳಲು ನಿರ್ಧರಿಸಿದ್ದೇನೆ, ಏಕೆಂದರೆ ಅದು ದೃಶ್ಯಪ್ರಕಾರದ ಹೆಸರೆಂದು ಪದಮೂಲ ಅವರು ತಿಳಿಸಿದ ಮೇಲೆ ಅದನ್ನು ಬದಲಿಸುವುದು ತಪ್ಪೆನಿಸಿತು. ಅದರ ಕೆಳಗಿನ ಸಾಲುಗಳನ್ನು ಹೀಗೆ ಬರೆದಿದ್ದೇನೆ, ದೋಷವಿದ್ದರೆ ತಿದ್ದಿ:

‘ಅಕ್ಷರಾರ್ಥ: ನನ್ನನ್ನು ಮುಟ್ಟಬೇಡ. ಮೂಲ ಗ್ರೀಕಿನ ಭಾವ: ನನ್ನನ್ನು ಹಿಡಿದುಕೊಂಡಿರಬೇಡ. ಪುನರುತ್ಥಾನದ ಮುಂಜಾವಿನಲ್ಲಿ ಯೇಸು ಮಗ್ದಲದ ಮರಿಯಳಿಗೆ ಹೇಳಿದ ಮಾತು. ಇದರ ಬೆನ್ನಿಗೇ ಅವನು ಅವಳನ್ನು ವಾರ್ತೆ ತಿಳಿಸಲು ಕಳುಹಿಸುತ್ತಾನೆ. ಅವಳ ಬಲಗೈಗೂ ಅವನು ಎಳೆದುಕೊಂಡ ಬಟ್ಟೆಗೂ ನಡುವೆ ಇರುವ ಜಾಗವನ್ನು ಗಮನಿಸಿ.’

ನಿನ್ನೆ ಇದನ್ನು ತರಗತಿಯಲ್ಲಿ ಓದಿದೆ. ಮೊದಲು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ ಎದ್ದು ಬಂದು ಮುದ್ರಿತ ಚಿತ್ರದ ಮೇಲೆ ಬೆರಳಿಟ್ಟು, ಮರಿಯಳ ಎಡಗೈ ಇನ್ನೂ ತೈಲದ ಭರಣಿಯ ಮೇಲೆಯೇ ಇದೆಯೆಂದು ತೋರಿಸಿದಳು. ಶವಕ್ಕೆ ಹಚ್ಚಲು ತಂದ ತೈಲವಲ್ಲವೆ ಅದು, ಅದನ್ನೂ ಅವಳು ಇನ್ನೂ ಬಿಟ್ಟಿಲ್ಲ ಎಂದಳು. ಇಷ್ಟು ದಿನ ಆ ಚಿತ್ರವನ್ನು ನೋಡಿದ್ದರೂ ನಾನು ಆ ಕೈಯನ್ನು ಗಮನಿಸಿರಲಿಲ್ಲ. ಅವಳ ಮಾತನ್ನೂ ವಿವರಣೆಯಲ್ಲಿ ಸೇರಿಸುತ್ತಿದ್ದೇನೆ.